ಮುಕ್ಕಾಲು ಗುಹೆ

ಅಮೆರಿಕದ ನಮ್ಮ ಮಾರಿಸ್‌ವಿಲ್‌ನಲ್ಲಿ ಹೊಸ ಮನೆ ಕೊಂಡವರು ಗೃಹಪ್ರವೇಶಕ್ಕೆ ಅಂಕಲ್‌ರನ್ನು ಕರೆಯಲು ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದರು. ಪೂಜೆ ಮುಗಿದು ಎಲ್ಲರೂ ಊಟದ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತಾಗ, ಮನೆಯ ಯಜಮಾನ ಕಟ್ಟೆಯ ಮೇಲೆ ಕೈಯಾಡಿಸಿ, “ಬ್ಲ್ಯಾಕ್ ಗ್ರ್ಯಾನೈಟ್, ಇಂಡಿಯಾದಿಂದಲೇ ಬಂದಿದ್ದಂತೆ” ಎನ್ನುತ್ತಿದ್ದ. ಇವರು ತಟ್ಟೆ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು.

“ಇದು ಗ್ರ್ಯಾನೈಟ್ ಅಲ್ಲ ರೀ. ಇಷ್ಟು ಕಪ್ಪಗಿದೆ ಅಂದ್ರೆ ಗ್ಯಾಬ್ರೊ ಇರ್ಬೇಕು. ಒಳ್ಳೇ ಕಲ್ಲೇ. ಆದ್ರೆ ಗ್ರ್ಯಾನೈಟ್ ಅಲ್ಲ.”

ಇಷ್ಟು ಹೇಳಿ ಮತ್ತೆ ಪುಳಿಯೋಗರೆಗೆ ಕೈ ಹಾಕುತ್ತಿದ್ದರು. ಯಜಮಾನನ ಮುಖ ಏನಾಯಿತು ಎಂದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ನೋಡುತ್ತಿದ್ದುದು ಅವರ ಹೆಂಡತಿ, ನಮ್ಮ ಆಂಟಿ. “ನೀವು ಊಟ ಮಾಡೋಕೆ ಬಂದಿದ್ದೀರೋ ಇನ್‌ಸ್ಪೆಕ್ಷನ್ನಿಗೆ ಬಂದಿದ್ದೀರೋ?” ಎಂದು ಎಲ್ಲರೆದುರೇ ಗದರುತ್ತಿದ್ದರು. ಆಗ ನಗು ಬಂದು ವಿಷಯ ತಿಳಿಯಾಗುತ್ತಿತ್ತು.

ಅವರಿಗೆ ತಮ್ಮ ಹೆಸರು ಅಚ್ಚಾಗುವುದು ಹಿಡಿಸುತ್ತಿರಲಿಲ್ಲ. ಕನ್ನಡ ಕೂಟದ ಸಂಚಿಕೆಯಲ್ಲಿ ಒಮ್ಮೆ ಅವರ ಫೋಟೊ ಬಂದಾಗ ಸಂಪಾದಕನನ್ನು ಕರೆದು ಬೇಸರ ಹೇಳಿದ್ದರು. ಆದ್ದರಿಂದ ಇಲ್ಲಿಯೂ ಅವರು ಅಂಕಲ್ ಅಷ್ಟೇ. ನನಗಿಂತ ಹದಿನೈದು ವರ್ಷ ದೊಡ್ಡವರು. ಈ ಏಪ್ರಿಲ್‌ನಲ್ಲಿ, ಮನೆಯ ಹಿಂದಿನ ಹುಲ್ಲು ಕತ್ತರಿಸಿ ಬಂದು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ.

ಅವರು ಮೈಸೂರಿನ ಹತ್ತಿರದ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟರಾಗಿದ್ದರು. ಭೂವಿಜ್ಞಾನಕ್ಕೆ ಹುಡುಗರು ಸೇರುವುದು ಕಡಿಮೆಯಾಗಿ ವಿಭಾಗವೇ ಮುಚ್ಚುವ ಹೊತ್ತಿಗೆ ಆಂಟಿಗೆ ಇಲ್ಲಿಯ ಔಷಧ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಇವರೂ ಹೊರಟು ಬಂದರು. ಇಲ್ಲಿ ಯಾರೂ ಪಾಠ ಹೇಳಲು ಕರೆಯಲಿಲ್ಲ. ಮನೆ ಕಟ್ಟುವ ಮುಂಚೆ ಜಾಗದ ಮಣ್ಣನ್ನು ಪರೀಕ್ಷಿಸುವ ಒಂದು ಲ್ಯಾಬ್ ಸೇರಿ, ನಿವೃತ್ತರಾಗುವವರೆಗೆ ಅಲ್ಲೇ ಇದ್ದರು. “ನಿಮ್ಮ ಟೌನ್‌ಹೌಸ್ ಕೆಳಗಿನ ಮಣ್ಣು ನನ್ನ ಕೈಲೇ ಹಾದು ಹೋಗಿದ್ದು, ಧೈರ್ಯವಾಗಿ ಮಲಗಿ” ಎಂದು ನನಗೆ ಹೇಳಿದ್ದರು. ಮಣ್ಣಿನ ಚೀಲಗಳ ಬಾಯಿ ಕಟ್ಟಲೆಂದು ಎಡಗೈ ಮಣಿಕಟ್ಟಿಗೆ ನಾಲ್ಕೈದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೂ ಅವು ಅಲ್ಲೇ ಇದ್ದವು.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಸಾಕ್ಷಿ ಇಲ್ಲದ್ದನ್ನು ನಂಬದಿರುವುದು ಓದಿನಿಂದ ಬಂದ ಚಾಳಿ. ಇಲ್ಲಿಗೆ ಬರುವವರೆಗೆ ಒಂದೂರಿನಲ್ಲಿ ನಾಲ್ಕು ವರ್ಷ ನಿಲ್ಲದ ಚಾಳಿ ಎಲ್ಲಿಂದ ಬಂತೋ ಗೊತ್ತಿಲ್ಲ. ಕಮ್ಮಿಂಗ್ ಎಂಬ ಊರಿನಿಂದ ವಾಷಿಂಗ್ಟನ್‌ಗೆ, ವಾಷಿಂಗ್ಟನ್‌ನಿಂದ ಮಾರಿಸ್‌ವಿಲ್‌ಗೆ ಬಂದೆ. ಇಲ್ಲಿಗೆ ಬಂದದ್ದು ಕೋವಿಡ್‌ನ ಮೊದಲ ವರ್ಷ, ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ. ಹೊರಗೆ ಹೋಗಲು ಇದ್ದ ಒಂದೇ ದಾರಿ, ಹಳ್ಳದ ಪಕ್ಕದ ವಾಕಿಂಗ್ ಟ್ರೇಲ್. ಅಲ್ಲಿ ಮಾಸ್ಕ್ ಹಾಕಿಕೊಂಡು, ಆರಡಿ ದೂರದಿಂದ ಪರಿಚಯವಾದವರು ಇವರು. ಯಾವುದೋ ಮನೆಮದ್ದಿನ ಬಗ್ಗೆ ನಾನು ಕೇಳಿದ ಸುದ್ದಿ ಹೇಳಿದೆ.

“ನೋಡಿದ್ದೀರೋ, ಕೇಳಿದ್ದೀರೋ?” ಎಂದರು.

“ಕೇಳಿದ್ದು.”

“ಹಾಗಾದ್ರೆ ಮುಂದಿನ ವಿಷಯ ಹೇಳಿ.”

ಆ ಪ್ರಶ್ನೆಯನ್ನು ಅವರು ಎಲ್ಲರಿಗೂ ಕೇಳುತ್ತಿದ್ದರು. ದೇವಸ್ಥಾನದಲ್ಲಿ ಯಾರಾದರೂ ಪವಾಡದ ಕತೆ ಶುರು ಮಾಡಿದರೂ, ವೀಸಾ ನಿಯಮ ಬದಲಾಗುತ್ತದಂತೆ ಎಂದು ಯಾರಾದರೂ ಹೆದರಿಸಿದರೂ ಅದೇ. ನನಗೆ ಇಂಥವರೇ ಬೇಕಾಗಿದ್ದರು. ಎರಡು ವರ್ಷ ನಾವು ವಾರಕ್ಕೆ ಮೂರು ದಿನ ಒಟ್ಟಿಗೆ ನಡೆದೆವು.

ಲಾವಾ ಸುರಂಗದ ವಿಷಯ ಬಂದದ್ದು ಆ ನಡಿಗೆಯಲ್ಲೇ. ಜ್ವಾಲಾಮುಖಿಯಿಂದ ಹರಿದ ಲಾವಾ ಮೇಲ್ಗಡೆ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳಗಿನದು ಹರಿಯುತ್ತಲೇ ಇರುತ್ತದೆ. ಕೊನೆಗೆ ಒಳಗಿನದೆಲ್ಲ ಹರಿದುಹೋಗಿ ಉದ್ದಕ್ಕೆ ಟೊಳ್ಳು ಗುಹೆ ಉಳಿಯುತ್ತದೆ. “ಕೆನೆ ಕಟ್ಟಿದ ಹಾಲನ್ನ ಮೆಲ್ಲಗೆ ಬಗ್ಗಿಸಿ ನೋಡಿ. ಕೆನೆ ಅಲ್ಲೇ ನಿಲ್ಲುತ್ತೆ, ಹಾಲು ಕೆಳಗಿಂದ ಹೊರಟುಹೋಗುತ್ತೆ. ಅಷ್ಟೇ” ಎಂದು ಎರಡೂ ಕೈಯಲ್ಲಿ ಪಾತ್ರೆ ಬಗ್ಗಿಸಿ ತೋರಿಸಿದ್ದರು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಅದರ ಚಿತ್ರ ಬರೆದವರು. ಒಂದನ್ನೂ ಕಂಡಿರಲಿಲ್ಲ.

ಕೋವಿಡ್ ಇಳಿದ ಮೇಲಿನ ಬೇಸಿಗೆಯಲ್ಲಿ ನನ್ನ ಹೆಂಡತಿ ಶುಭಾಳಿಗೆ ಪಶ್ಚಿಮ ಕರಾವಳಿಯ ಒರೆಗನ್ ರಾಜ್ಯದಲ್ಲಿ ಒಂದು ಸಮ್ಮೇಳನವಿತ್ತು. ಅಲ್ಲಿಂದ ಕೆಲವು ಗಂಟೆ ಡ್ರೈವ್ ಮಾಡಿದರೆ ಒಂದು ಲಾವಾ ಸುರಂಗ. ನಾನು ಅಂಕಲ್‌ಗೆ ಫೋನ್ ಮಾಡಿದೆ.

“ಎಷ್ಟು ಉದ್ದ ಇದೆಯಂತೆ?”

“ಒಂದು ಮೈಲಿ ಅಂತೆ ಅಂಕಲ್. ಕೊನೆವರೆಗೂ ನಡೀಬಹುದಂತೆ.”

“ಮಂಡಿ ಆಪರೇಷನ್ ಮಾಡಿಸಿ ಅಂತಿದ್ದಾರೆ. ಮಾಡಿಸಿದ್ಮೇಲೆ ಅಂಥಾ ಜಾಗಕ್ಕೆ ಬಿಡ್ತಾರೋ ಇಲ್ವೋ. ಈಗಲೇ ಬರ್ತೀನಿ. ಕೊನೆವರೆಗೂ ನಡೆದು ಬಿಡ್ತೀನಿ.”

ಆಂಟಿ ಬರಲಿಲ್ಲ. ಕತ್ತಲು, ಚಳಿ, ಬಾವಲಿ ಮೂರನ್ನೂ ಅವರು ಒಂದೇ ಉಸಿರಿನಲ್ಲಿ ನಿರಾಕರಿಸಿದರು. ದಾರಿಗೆಂದು ಚಪಾತಿಪಲ್ಯ ಸುತ್ತಿ ಕಳಿಸಿದರು. ಇಂಡಿಯನ್ ಅಂಗಡಿಯ ಪ್ಲಾಸ್ಟಿಕ್ ಕವರ್‌ಗಳಲ್ಲಿ, ಒಂದರೊಳಗೆ ಒಂದು.

ಇನ್ನು ಮುಂದೆ ಹೇಳುವುದನ್ನು ನಾನು ಪರಿಶೀಲಿಸಲು ಪ್ರಯತ್ನಿಸಿದ್ದೇನೆ. ಫೋನಿನ ಫೋಟೊಗಳಿವೆ, ಅವು ಗುಹೆಯ ಬಾಯಿಯವರೆಗೆ ಸರಿಯಾಗಿವೆ, ಒಳಗಿನವೆಲ್ಲ ಕಪ್ಪು. ಶುಭಾಳ ನೆನಪಿದೆ, ಅದು ನನ್ನದಕ್ಕೆ ಹೊಂದುವುದಿಲ್ಲ.

ಕಾರ್ ನಿಲ್ಲಿಸುವ ಜಾಗದಲ್ಲಿ ಒಬ್ಬ ವಯಸ್ಸಾದ ಸ್ವಯಂಸೇವಕಿ ಎಲ್ಲರನ್ನೂ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಅಮೆರಿಕದ ಪೂರ್ವದ ಗುಹೆಗಳಲ್ಲಿ ಒಂದು ಬಗೆಯ ಬೂಷ್ಟು ಹರಡಿ, ಚಳಿಗಾಲದಲ್ಲಿ ಮಲಗಿದ ಬಾವಲಿಗಳ ಮೂತಿಗೆ ಬಿಳಿಯಾಗಿ ಹಿಡಿದು, ಲೆಕ್ಕವಿಲ್ಲದಷ್ಟು ಬಾವಲಿಗಳು ಸತ್ತಿವೆ. ಬೂಷ್ಟು ಜನರ ಶೂಗಳಿಗೆ ಅಂಟಿಕೊಂಡು ಪ್ರಯಾಣ ಮಾಡುತ್ತದೆ. ಆದ್ದರಿಂದ ಅವಳ ಪ್ರಶ್ನೆ ಒಂದೇ: ನೀವು ಈಗ ಹಾಕಿಕೊಂಡಿರುವ ಶೂ, ಬಟ್ಟೆ, ಚೀಲ ಬೇರೆ ಯಾವುದಾದರೂ ಗುಹೆಯೊಳಗೆ ಹೋಗಿದ್ದವೇ?

ಅಂಕಲ್ ಇಲ್ಲ ಎಂದರು. ಶುಭಾ ಇಲ್ಲ ಎಂದಳು. ನಾನೂ ಇಲ್ಲ ಎಂದೆ.

ಹಿಂದಿನ ವರ್ಷ ಕಮ್ಮಿಂಗ್‌ನ ಹಳೆಯ ಗೆಳೆಯರ ಜೊತೆ ಪೂರ್ವದ ಕಡೆಯ ಟೆನೆಸ್ಸಿ ರಾಜ್ಯದ ಒಂದು ಗುಹೆಗೆ ಹೋಗಿದ್ದೆ, ಅದೇ ಶೂ ಹಾಕಿಕೊಂಡು. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಹಾಗೆಯೇ: ಹೈಕಿಂಗ್‌ಗೆ ಒಂದು ಜೊತೆ ಶೂ, ಅದು ಮನೆಯೊಳಗೆ ಬರುವುದಿಲ್ಲ, ಗರಾಜ್‌ನಲ್ಲೇ ಬಿದ್ದಿರುತ್ತದೆ, ಯಾರೂ ತೊಳೆಯುವುದಿಲ್ಲ. ಸ್ವಯಂಸೇವಕಿ ಕೇಳಿದಾಗ ನನಗೆ ಟೆನೆಸ್ಸಿ ನೆನಪಿತ್ತೇ? ಮರೆತಿದ್ದೆ ಎಂದು ಬಹಳ ದಿನ ನಂಬಿದ್ದೆ. ಆದರೆ ಶೂ ಹೊಲಿಗೆಯ ಸಂದಿನಲ್ಲಿ ಕಂದು ಮಣ್ಣು ಒಣಗಿದ್ದನ್ನು ನೋಡಿದ ಇನ್ನೊಂದು ನೆನಪೂ ಇದೆ, ಹಿಂದೆ ಉದ್ದನೆಯ ಸಾಲು ನಿಂತಿದ್ದದ್ದೂ ಇದೆ. ಮರೆತವನಿಗೆ ಮಣ್ಣು ಹೇಗೆ ನೆನಪಿರುತ್ತದೆ? ಎರಡನೆಯದೇ ನಿಜವಿರಬೇಕು.

ಪೈನ್ ಮರಗಳ ನಡುವೆ, ಕಪ್ಪು ಕಲ್ಲುಪುಡಿಯ ದಾರಿಯಲ್ಲಿ ಗುಹೆಗೆ ಅರ್ಧ ಗಂಟೆ ನಡಿಗೆ. ಅಂಕಲ್ ಕೋಲೂರಿಕೊಂಡು ಬಂದರು. ಎರಡು ಸಲ ನಿಂತರು. ಎರಡನೆಯ ಸಲ ಒಂದು ತೂತುತೂತಾದ ಕಲ್ಲನ್ನು ಕೈಯಲ್ಲಿ ತೂಗಿ, ಎತ್ತಿದ ಜಾಗದಲ್ಲೇ ಮತ್ತೆ ಇಟ್ಟು, ತಾವಾಗಿ ಹೇಳಿದರು.

“ಒಂದ್ಸಲ ಕ್ಲಾಸಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು, ಸರ್, ನೀವು ಇದನ್ನ ನೋಡಿದ್ದೀರಾ ಅಂದ್ಲು. ನೋಡಿದ್ದೀನಿ ಕೂತ್ಕೋ ಅಂದುಬಿಟ್ಟೆ.”

“ಅದಕ್ಕೇನು ಅಂಕಲ್, ಕ್ಲಾಸ್ ಕಂಟ್ರೋಲ್ ಮಾಡ್ಬೇಕಲ್ವಾ” ಎಂದಳು ಶುಭಾ.

“ಅಲ್ಲಮ್ಮ, ಅವಳು ನಂಬಿದ್ಲು. ಕೊನೇಲಿ ಹೇಗಿರುತ್ತೆ ಸರ್ ಅಂತ ಕೇಳಿದ್ಲು. ಅದಕ್ಕೂ ಏನೋ ಹೇಳಿದೆ. ಬರ್ಕೊಂಡ್ಲು.” ಕೋಲು ಎತ್ತಿಕೊಂಡರು. “ಅದಕ್ಕೇ ಕೊನೆ ನೋಡ್ಬೇಕು. ಬನ್ನಿ.”

ಗುಹೆಯ ಬಾಯಿ ಎಂದರೆ ಸುರಂಗದ ಚಾವಣಿ ಕುಸಿದ ಗುಂಡಿ. ಕಬ್ಬಿಣದ ಮೆಟ್ಟಿಲಿಳಿಯುತ್ತಿದ್ದಂತೆ ಫ್ರಿಜ್ ತೆರೆದಂಥ ಚಳಿ. ಅಂಕಲ್ ಒಂದು ಕೈ ಕಂಬಿಗೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ಇಳಿದರು. ಕೆಳಗೆ ನಿಂತು ನಾವು ಮೂವರೂ ಹಣೆಗೆ ದೀಪ ಕಟ್ಟಿಕೊಂಡ ಮೇಲೆ ಮೇಷ್ಟರ ದನಿಯಲ್ಲಿ ಹೇಳಿದರು: “ಮೂರು ಜನ ಹೋಗ್ತೀವಿ, ಮೂರು ಜನ ಬರ್ತೀವಿ. ಕತ್ತಲಲ್ಲಿ ಒಬ್ಬರನ್ನೇ ಬಿಡೋ ಹಾಗಿಲ್ಲ. ನನ್ನ ಟೂರ್‌ಗಳಲ್ಲಿ ಇದೊಂದೇ ರೂಲ್.”

ಅಷ್ಟು ನಿಧಾನವಾಗಿ ನಾನು ಯಾವ ಜಾಗದಲ್ಲೂ ನಡೆದಿರಲಿಲ್ಲ. ಗೋಡೆಯ ಮೇಲೆ ಅಡ್ಡಡ್ಡ ಗೆರೆಗಳಿದ್ದವು. ಲಾವಾ ತಗ್ಗುತ್ತ ಹೋದಂತೆ ಪ್ರತಿ ಮಟ್ಟದಲ್ಲಿ ಒಂದೊಂದು ಗೆರೆ ಬಿಟ್ಟು ಹೋಗಿದೆ ಎಂದರು. ಚಾವಣಿಯಿಂದ ಕಲ್ಲಿನ ಹನಿಗಳು ಚೂಪಾಗಿ ಇಳಿಬಿದ್ದಿದ್ದವು. ಕರಗಿದ ಬಂಡೆ ತೊಟ್ಟಿಕ್ಕುತ್ತಿರುವಾಗಲೇ ಗಟ್ಟಿಯಾಗಿ ನಿಂತಿತ್ತು. “ಮುಟ್ಬೇಡಿ” ಎಂದು ಶುಭಾಗೆ ಹೇಳಿ, ತಮ್ಮ ಕೈಯನ್ನು ತಾವೇ ಬೆನ್ನ ಹಿಂದೆ ಕಟ್ಟಿಕೊಂಡರು. ಒಂದು ಕಡೆ ಸುರಂಗ ಮೇಲೊಂದು ಕೆಳಗೊಂದು ಎರಡಾಗಿತ್ತು. ಅದರ ಕೆಳಗೆ ನಿಂತು ಸುಮ್ಮನೆ ನಕ್ಕರು. “ಇದನ್ನ ನಾನು ಪಾಠದಲ್ಲಿ ತಪ್ಪು ಹೇಳಿದ್ದೆ ಕಣ್ರೀ” ಎಂದರು, ಬಹುಮಾನ ಸಿಕ್ಕವರ ಹಾಗೆ.

ಮುಕ್ಕಾಲು ದಾರಿ ಬಂದಿರಬಹುದು. ನೆಲ ಮರಳಾಯಿತು, ಚಾವಣಿ ತಗ್ಗಿತು. ಎದುರಿಗೆ ಬಂದ ಒಂದು ಜೋಡಿ, ಇನ್ನು ಹತ್ತು ನಿಮಿಷ, ಕೊನೆಯಲ್ಲಿ ಬಗ್ಗಿ ತೆವಳಬೇಕು ಎಂದು ಹೇಳಿ ಹೋಯಿತು. ಅಂಕಲ್ ಮಂಡಿಯ ಪಟ್ಟಿ ಬಿಗಿ ಮಾಡಿಕೊಳ್ಳಲು ಒಂದು ಬಂಡೆಯ ಮೇಲೆ ಕುಳಿತರು. ಮರಳಲ್ಲಿ ನನ್ನ ಕಾಲು ಹೂತದ್ದನ್ನು ನೋಡಿ ಶುಭಾ ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದಳು.

“ಈ ಶೂಗೆ ಅವಾರ್ಡ್ ಕೊಡ್ಬೇಕು. ಟೆನೆಸ್ಸಿ ಕೇವ್‌ನಲ್ಲಿ ಮೊಣಕಾಲವರೆಗೂ ಕೆಸರು ಮಾಡ್ಕೊಂಡು ಬಂದಿದ್ರಲ್ಲ, ಆಗ್ಲೂ ಏನೂ ಆಗ್ಲಿಲ್ಲ.”

ಅಂಕಲ್ ಪಟ್ಟಿ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. ಅವರ ದೀಪದ ಬೆಳಕು ನನ್ನ ಶೂ ಮೇಲೆ ಬಿತ್ತು.

“ಇದೇ ಶೂನಾ?”

“ಹೌದು ಅಂಕಲ್.”

“ತೊಳ್ದಿದ್ರಾ?”

“ಇಲ್ಲ.”

ಶುಭಾಗೆ ಅರ್ಥವಾಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಂಕಲ್ ಪಟ್ಟಿ ಕಟ್ಟಿ ಮುಗಿಸಿದರು. “ವಾಪಸ್ ಹೋಗೋಣ” ಎಂದರು.

ನಾನು ವಾದ ಮಾಡಿದೆ. ಇದು ಖಂಡಿತ ನೆನಪಿದೆ. ನನ್ನ ವಾದಗಳು ನನಗೆ ಚೆನ್ನಾಗಿ ನೆನಪಿರುತ್ತವೆ. ಆಗುವುದು ಆಗಿದೆ, ಮುಕ್ಕಾಲು ಮೈಲಿ ಆ ಶೂನಲ್ಲೇ ನಡೆದಿದ್ದೇನೆ, ಇನ್ನು ಹತ್ತು ನಿಮಿಷದಿಂದ ಸಂಭವನೀಯತೆ ಎಷ್ಟು ಹೆಚ್ಚಾದೀತು ಎಂದೆ.

“ಇಲ್ಲಿವರೆಗೂ ನನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು.”

“ಹಾಗಾದ್ರೆ ನಾನು ಇಲ್ಲೇ ಕೂತಿರ್ತೀನಿ. ನೀವಿಬ್ಬರೂ ಹೋಗಿ ಬನ್ನಿ. ಅಂಕಲ್, ಪ್ಲೀಸ್.”

“ರೂಲ್ ಹೇಳಿದ್ದೆನಲ್ಲ. ಅಲ್ಲದೆ ತೆವಳೋ ಜಾಗದಲ್ಲಿ ನನ್ನನ್ನ ಎತ್ತೋಕೆ ಈ ಹುಡುಗಿ ಕೈಲಿ ಆಗಲ್ಲ” ಎಂದರು.

ಆಮೇಲೆ ಅವರು ತಮ್ಮ ಚೀಲದಿಂದ ಚಪಾತಿಯ ಕವರ್‌ಗಳನ್ನು ತೆಗೆದು, ಚಪಾತಿಯ ಪೊಟ್ಟಣವನ್ನು ಶುಭಾಳ ಕೈಗೆ ಕೊಟ್ಟು, ಕವರ್ ಎರಡನ್ನೂ ಕೊಡವಿದರು. ಶೂ ಬಿಚ್ಚಿದರೆ ಆ ಕಲ್ಲಿನ ಮೇಲೆ ನಡೆಯಲಾಗುವುದಿಲ್ಲ, ಅದಕ್ಕೆ ಶೂ ಸಮೇತ ಕಾಲನ್ನು ಕವರ್‌ನೊಳಗೆ ತೂರಿಸಬೇಕು ಎಂದರು. ನಾನು ಹಾಕಿಕೊಂಡೆ. ಕಟ್ಟಿದ್ದು ಸರಿಹೋಗಲಿಲ್ಲ, ಎರಡು ಹೆಜ್ಜೆಗೆ ಜಾರಿತು. ಅವರು ಬಂಡೆಯಿಂದ ಇಳಿದು, ಒಳ್ಳೆಯ ಮಂಡಿಯನ್ನು ಮರಳಿಗೂರಿ, ನನ್ನ ಕಾಲಿನ ಮುಂದೆ ಕುಳಿತರು.

ನಾನು ಕಾಲು ಹಿಂದಕ್ಕೆಳೆದುಕೊಂಡೆ. ನಂಬಿಕೆ ಇಲ್ಲದವನಿಗೂ ಮೈ ತನ್ನಷ್ಟಕ್ಕೆ ಮಾಡುವ ಕೆಲಸಗಳಿವೆ. ದೊಡ್ಡವರು ನನ್ನ ಕಾಲು ಮುಟ್ಟುವುದೇ?

“ಬೇಡ ಅಂಕಲ್, ನಾನೇ ಮಾಡ್ಕೋತೀನಿ.”

“ನಿಮಗೆ ಸ್ಯಾಂಪಲ್ ಕಟ್ಟಿ ಅಭ್ಯಾಸ ಇಲ್ಲ. ಕೊಡಿ ಇಲ್ಲಿ.”

“ಕಾಲು ಹಿಡೀಬೇಡಿ ಅಂಕಲ್.”

“ಕಾಲು ಯಾರಿಗೆ ಬೇಕ್ರೀ. ನಾನು ಹಿಡೀತಿರೋದು ಶೂ.”

ಮಣಿಕಟ್ಟಿನ ರಬ್ಬರ್ ಬ್ಯಾಂಡ್‌ಗಳನ್ನು ಬಿಚ್ಚಿ, ಕವರ್‌ನ ಬಾಯಿಯನ್ನು ಎರಡು ಮಡಿಕೆ ಮಡಿಸಿ, ಪಾದದ ಗಂಟಿನ ಮೇಲೆ ಬಿಗಿಯಾಗಿ ಕಟ್ಟಿದರು. ಎರಡೂ ಕಾಲಿಗೆ. ಅವರನ್ನು ಎಬ್ಬಿಸಲು ನಾನೂ ಶುಭಾಳೂ ಸೇರಬೇಕಾಯಿತು. ಎದ್ದು ನಿಂತು ಸುರಂಗ ಮುಂದೆ ಹೋಗುವ ದಿಕ್ಕಿಗೆ ದೀಪ ಹಾಕಿ ಒಂದು ಸಲ ನೋಡಿದರು. ತಿರುವು ಇತ್ತು, ಏನೂ ಕಾಣುತ್ತಿರಲಿಲ್ಲ. ಎಷ್ಟು ಹೊತ್ತು ನೋಡಿದರು ಎಂದು ಹೇಳಲಾರೆ. ಬಹಳ ಹೊತ್ತು ಎಂದು ನನಗನಿಸುತ್ತದೆ. ಕ್ಷಣಮಾತ್ರ ಎನ್ನುತ್ತಾಳೆ ಶುಭಾ.

ಹೊರಬಂದ ಮೇಲೆ ನಡೆದದ್ದರ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಹೆಚ್ಚು ಭಿನ್ನಾಭಿಪ್ರಾಯ. ಕಾರಿನ ಹತ್ತಿರ ಬಂದು ಸ್ವಯಂಸೇವಕಿಗೆ ವಿಷಯ ತಿಳಿಸಿದ್ದು ನಾನೇ, ಅಂಕಲ್ ಪಕ್ಕದಲ್ಲಿದ್ದರು ಎಂಬುದು ನನ್ನ ನೆನಪು. ನಾನು ನೇರ ಹೋಗಿ ಕಾರಿನಲ್ಲಿ ಕುಳಿತೆ, ಅಂಕಲ್ ಕವರ್ ಕಟ್ಟಿದ ಶೂ ಕೈಯಲ್ಲಿ ಹಿಡಿದು ಬಿಸಿಲಲ್ಲಿ ಸಾಲಿನ ಹಿಂದೆ ನಿಂತರು, ತಾವು ಸರಿಯಾಗಿ ಕೇಳಿ ನೋಡದೇ ಇದ್ದದ್ದು ತಮ್ಮ ತಪ್ಪು ಎಂದು ಹೇಳಿದರು ಎಂಬುದು ಶುಭಾಳದು. ಅವಳು ಪಕ್ಕದಲ್ಲೇ ನಿಂತಿದ್ದಳಂತೆ. ನೆನಪು ಯಾವಾಗಲೂ ತನ್ನ ಯಜಮಾನನಿಗೆ ಅನುಕೂಲವಾದ ಕಡೆ ವಾಲುತ್ತದೆ. ಆ ಲೆಕ್ಕದಲ್ಲಿ ಶುಭಾಳ ಮಾತೇ ನಿಜವಿರಬೇಕು. ಸ್ವಯಂಸೇವಕಿ ಏನೆಂದಳು ಎಂಬುದು ನನಗೆ ಗೊತ್ತೇ ಇಲ್ಲ. ಅಲ್ಲಿಗೆ, ನಾನು ಅಲ್ಲಿರಲಿಲ್ಲ ಎಂದೇ ಆಯಿತಲ್ಲ.

ವಿಮಾನದಲ್ಲಿ ಪಕ್ಕಪಕ್ಕ ಕುಳಿತಿದ್ದೆವು. “ಮುಂದಿನ ಬೇಸಿಗೆ ಮತ್ತೆ ಬರೋಣ ಅಂಕಲ್. ಹೊಸ ಶೂ ತಗೋತೀನಿ. ಪ್ರಾಮಿಸ್” ಎಂದೆ.

“ಆಗ್ಲಿ” ಎಂದರು.

ಆಮೇಲೂ ವಾರಕ್ಕೆ ಮೂರು ದಿನ ನಡೆದೆವು. ಮೊದಲಿನಂತೆಯೇ ಮಾತಾಡಿದರು. ಕ್ರಿಕೆಟ್ ಮೈದಾನದ ಕೆಂಪು ಮಣ್ಣು ಯಾಕೆ ನೀರು ಕುಡಿಯುವುದಿಲ್ಲ ಎಂದು ಒಂದು ಇಡೀ ಸಂಜೆ ವಿವರಿಸಿದರು. ಗುಹೆಯ ವಿಷಯ ಒಮ್ಮೆಯೂ ಎತ್ತಲಿಲ್ಲ. ಮುಂದಿನ ಬೇಸಿಗೆಯಲ್ಲಿ ನನ್ನ ಕಂಪನಿ ಜನರನ್ನು ತೆಗೆಯತೊಡಗಿತು, ನಾನು ಕೆಲಸ ಹುಡುಕುತ್ತಿದ್ದೆ. ಅದರ ಮುಂದಿನ ಬೇಸಿಗೆಯಲ್ಲಿ ಇಂಡಿಯಾಗೆ ಹೋಗಿದ್ದೆವು. ಮಂಡಿ ಆಪರೇಷನ್ನನ್ನು ಅವರು ಮುಂದೆ ಹಾಕುತ್ತಲೇ ಬಂದರು. ಯಾಕೆ ಎಂದು ನಾನು ಕೇಳಲಿಲ್ಲ. ಭಯವಿರಬೇಕು ಅಂದುಕೊಂಡೆ.

ವೈಕುಂಠ ಸಮಾರಾಧನೆ ಮುಗಿದು ಕೆಲವು ದಿನಗಳಾದ ಮೇಲೆ ಆಂಟಿ ಮನೆಗೆ ಕರೆದರು. ಹೆಸರಿಲ್ಲದೆ ಬರೆಯುವುದಾದರೆ ಅವರ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದರು.

“ಆ ಗುಹೆ ವಿಷಯ ಬರೀರಿ. ಅಷ್ಟು ವರ್ಷ ಆಸೆ ಇಟ್ಕೊಂಡಿದ್ದು, ನಿಮ್ಮಿಂದ ಕೊನೆವರೆಗೂ ನೋಡೋ ಹಾಗಾಯ್ತು.”

“ಅವರು ಹಾಗೆ ಹೇಳಿದ್ರಾ ಆಂಟಿ?”

“ಹೋಗ್ಬಂದ್ವಿ, ಚೆನ್ನಾಗಿತ್ತು ಅಂದ್ರು. ಇನ್ನೇನು ಹೇಳ್ತಾರೆ.”

ನಾನು ಹೇಳಿದೆ. ಶೂ, ಟೆನೆಸ್ಸಿ, ಸುಳ್ಳು, ಚಪಾತಿಯ ಕವರ್ ಎಲ್ಲ. ಕೊನೆ ನೋಡಲಿಲ್ಲ, ನನ್ನಿಂದಾಗಿ ನೋಡಲಿಲ್ಲ ಎಂದೆ. ಆಂಟಿ ಸೋಫಾದ ಮೇಲಿದ್ದ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದವರು ಮಡಿಸುತ್ತಲೇ ಇದ್ದರು.

“ಮತ್ತೆ ಕರ್ಕೊಂಡು ಹೋಗ್ತೀನಿ ಅಂದಿದ್ರಾ?”

“ಹೌದು.”

“ಮೂರು ವರ್ಷ ಇತ್ತಲ್ಲಪ್ಪ.”

“ಹೌದು ಆಂಟಿ.”

ಅವರು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ಮಡಿಸಿದ ಅಂಗಿಯನ್ನು ಪಕ್ಕಕ್ಕಿಟ್ಟರು.

“ಪ್ರತಿ ವರ್ಷ ಮಾರ್ಚ್ ಬಂದ್ರೆ ಅವರ ಶೂನ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದು ಡೆಕ್ ಮೇಲೆ ಒಣಗಿಸೋರು. ಈ ವರ್ಷಾನೂ ತೊಳೆದ್ರು. ಎಲ್ಲಿಗೆ ಹೊರಟಿದ್ದೀರಿ ಅಂದ್ರೆ, ಆ ಗುಹೆಗೆ ಕರೆದ್ರೆ ಹೋಗ್ಬೇಕು ಅನ್ನೋರು. ಒಂದ್ಸಲ ನೋಡಿದ್ದನ್ನೇ ಇನ್ನೆಷ್ಟು ಸಲ ನೋಡ್ತೀರಿ ಅಂತ ನಾನು ಬೈತಿದ್ದೆ.”

“ಅದಕ್ಕೆ ಏನನ್ನೋರು?”

“ಏನೂ ಅಂತಿರ್ಲಿಲ್ಲ. ಉಜ್ಜುತ್ತಾ ಇರೋರು.”